ಊಟ ಆದ ಮೇಲೆ ಒಂದು ಗುಲಾಬಿ ಮಾತ್ರೆ

ಮೊನ್ನೆ ಒಂದು ವಾಲ್ವ್ ಪಿನ್ನು ಬೇಕಾಗಿ ಅಂಗಡಿಯ ಹಳೆಯ ಸಾಮಾನಿನ ಡಬ್ಬವನ್ನು ನೆಲಕ್ಕೆ ಸುರಿದೆ. ಟ್ಯೂಬಿನ ಬಾಯಲ್ಲಿ ಕೂತು ಗಾಳಿಯನ್ನು ಕಾಯುವ ಪುಟ್ಟ ಸಾಮಾನು ಅದು. ಬೇಡದಾಗ ಕಾಲಿಗೆ ಚುಚ್ಚುತ್ತದೆ, ಬೇಕೆಂದಾಗ ಕಾಣೆಯಾಗುತ್ತದೆ. ಅವತ್ತೂ ಸಿಗಲಿಲ್ಲ. ತುಕ್ಕು ಹಿಡಿದ ನಟ್ಟು, ನಟ್ಟು ಬಿಚ್ಚುವ, ಬಾಯಿ ಸವೆದ ಪಾನ, ಯಾವ ಲಾರಿಯದೋ ತಿಳಿಯದ ಸ್ಪ್ರಿಂಗು, ಇವುಗಳ ನಡುವೆ ಒಂದು ಮುಲಾಮಿನ ಟ್ಯೂಬು ಸಿಕ್ಕಿತು. ಬಾಲದಿಂದ ಸುತ್ತಿಕೊಂಡು ಬಂದು ಕುತ್ತಿಗೆಯ ತನಕ ಚಪ್ಪಟೆಯಾಗಿದೆ. ಮೇಲೆ ಬರೆದದ್ದೆಲ್ಲ ಅಳಿಸಿಹೋಗಿದೆ. ಅದೂ ಸಾಲದೆಂದು ಹೊಟ್ಟೆಯನ್ನು ಬ್ಲೇಡಿನಿಂದ ಸೀಳಿ ಒಳಗೆ ಅಂಟಿದ್ದನ್ನೂ ಬಳಿದುಕೊಂಡಿದ್ದೇವೆ. ಮೂಗಿನ ಹತ್ತಿರ ಹಿಡಿದೆ. ವಾಸನೆ ಇತ್ತೋ, ನನ್ನ ಭ್ರಮೆಯೋ, ಗೊತ್ತಿಲ್ಲ. ಬಲಭುಜ ಮಾತ್ರ ಹಾಜರಿ ಹೇಳುವ ಹುಡುಗನಂತೆ ಒಮ್ಮೆ ಚುರುಕ್ ಎಂದಿತು.

ನೀವು ಚಳ್ಳಕೆರೆ ದಾಟಿ ಬಳ್ಳಾರಿಯ ಕಡೆ ಹೋಗಿದ್ದರೆ ನನ್ನ ಅಂಗಡಿಯನ್ನು ನೋಡಿರುತ್ತೀರಿ, ಆದರೆ ನೆನಪಿರುವುದಿಲ್ಲ. ಬೇವಿನ ಮರಕ್ಕೆ ಒಂದು ಬೋಳು ಟೈರು ನೇತುಹಾಕಿದ್ದೇನೆ, ಅದೇ ಬೋರ್ಡು. ಏಳನೇ ಕ್ಲಾಸಿನ ನಡುವೆ ಪುಸ್ತಕ ಇಟ್ಟು, ಟೈರು ಬಿಚ್ಚುವ ಕಬ್ಬಿಣದ ಲಿವರು ಹಿಡಿದವನು ನಾನು. ಅದಕ್ಕೆ ನಾಚಿಕೆಪಟ್ಟವನಲ್ಲ. ನನ್ನ ಜೊತೆ ಓದಿದವರಲ್ಲಿ ಮೇಷ್ಟ್ರಾದವರಿದ್ದಾರೆ, ಗುಮಾಸ್ತರಾದವರಿದ್ದಾರೆ. ದಾರಿಯಲ್ಲಿ ಅವರ ಗಾಡಿ ಕೂತರೆ ತಳ್ಳಿಕೊಂಡು ನನ್ನ ಹತ್ತಿರವೇ ಬರುತ್ತಾರೆ. ಲೋಡು ತುಂಬಿದ ಲಾರಿಯ ಚಕ್ರವನ್ನು ಒಬ್ಬನೇ ಬಿಚ್ಚಿ, ರಿಂಗು ಎಬ್ಬಿಸಿ, ಟ್ಯೂಬಿಗೆ ಪ್ಯಾಚು ಹಾಕಿ, ಮತ್ತೆ ಏರಿಸಿ, ಡ್ರೈವರು ಟೀ ಕುಡಿದು ಬೀಡಿ ಮುಗಿಸುವುದರೊಳಗೆ ಕೈ ಒರೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಜಂಬವೆಂದುಕೊಳ್ಳಿ, ಬೇಸರವಿಲ್ಲ. ಆ ಕೆಲಸಕ್ಕೆ ಬೇಕಾದದ್ದು ಬಲಭುಜ. ಭುಜ ನಿಂತರೆ ಅಂಗಡಿ ನಿಂತ ಹಾಗೆ. ಅಪ್ಪ ಬೇಗ ಹೋದ ಮನೆ ನಮ್ಮದು. ಅಂಗಡಿ ನಿಂತರೆ ಅವ್ವ ಮತ್ತೆ ಎಣ್ಣೆ ಮಿಲ್ಲಿಗೆ ಶೇಂಗಾ ಆರಿಸಲು ಹೋಗಬೇಕು. ಅವಳನ್ನು ಆ ಧೂಳಿನಿಂದ ಬಿಡಿಸಿ ಮನೆಯಲ್ಲಿ ಕೂರಿಸಿದ್ದೇ ನನ್ನ ಜೀವನದ ದೊಡ್ಡ ಡಿಗ್ರಿ.

ಚಿಕ್ಕಂದಿನಲ್ಲಿ ನಮಗೆ ನೋವೆಂದರೆ ಬಿಸಿ ಮಾಡಬೇಕಾದ ವಸ್ತು. ಕಾಲು ಉಳುಕಿದರೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಕಟ್ಟುವುದು. ಸೊಂಟ ಹಿಡಿದರೆ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಕಾವು ಕೊಡುವುದು. ಮೊಣಕೈ ಊದಿದರೆ ಅರಿಶಿನ ಸುಣ್ಣ ಕಲಸಿ ಬಿಸಿಬಿಸಿ ಮೆತ್ತುವುದು. ಹುಣಸೆ ಸೊಪ್ಪು ಕುದಿಸಿದ ನೀರನ್ನು ಅವ್ವ ನನ್ನ ಕಾಲಿಗೆ ಹೊಯ್ಯುವಾಗ ನಾನು ಕೂಗಿದ್ದಕ್ಕೆ ಪಕ್ಕದ ಓಣಿಯ ನಾಯಿಗಳು ಎದ್ದು ಬಂದದ್ದುಂಟು. ನೋವು ಹೋಗುತ್ತಿತ್ತೋ ಇಲ್ಲವೋ, ಸುಟ್ಟ ಉರಿಯ ಮುಂದೆ ಅದು ಸಣ್ಣದಾಗಿ ಕಾಣುತ್ತಿದ್ದುದಂತೂ ನಿಜ.

ಹೀಗಿದ್ದ ನಮ್ಮೂರಿಗೆ, ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳಲ್ಲಿ, ಉಳುಕಿಗೆ ಮೊದಲು ಐಸ್ ಇಡಬೇಕು ಎನ್ನುವ ಡಾಕ್ಟರಮ್ಮ ಒಬ್ಬರು ಬಂದರು. ದಕ್ಷಿಣದ ಕಡೆಯವರು. ಸಣ್ಣ ಮೈಕಟ್ಟು, ದೊಡ್ಡ ದನಿ. ಅವರ ಗಾಡಿಯ ಹಿಂದಿನ ಚಕ್ರಕ್ಕೆ ನಮ್ಮ ರಸ್ತೆಯ ಜಾಲಿಮುಳ್ಳೆಂದರೆ ಬಹಳ ಪ್ರೀತಿ, ಹಾಗಾಗಿ ನನಗೆ ಪರಿಚಯ. ಅವರ ಮಾತನ್ನು ನಮ್ಮಲ್ಲಿ ಮೊದಲು ಪಾಲಿಸಿದವನು ಓಬಳೇಶ.

ಓಬಳೇಶ ನನ್ನ ಗೆಳೆಯ. ನನ್ನಿವಾಳದವನು, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಸಂಜೆಯಾದರೆ ನಾವೊಂದಿಷ್ಟು ಜನ ಮಿಲ್ಲಿನ ಹಿಂದಿನ ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದೆವು. ನುಗ್ಗುವುದರಲ್ಲಿ ಅವನು, ಹಿಡಿಯುವುದರಲ್ಲಿ ನಾನು. ಒಂದು ದಿನ ಅವನ ಪಾದದ ಕೀಲು ಉಳುಕಿತು. ಡಾಕ್ಟರಮ್ಮ ಐಸ್ ಇಡು ಎಂದರು. ಚಳ್ಳಕೆರೆಯ ಬಿಸಿಲಿನಲ್ಲಿ ಐಸ್ ಎಲ್ಲಿಂದ ತರುವುದು? ಸೈಕಲ್ ಮೇಲೆ ಡಬ್ಬಿ ಕಟ್ಟಿಕೊಂಡು ಬರುವವನಿಂದ ಕೆಂಪು ಐಸ್ ಕ್ಯಾಂಡಿಗಳನ್ನು ತಂದು, ಕಡ್ಡಿ ಕಿತ್ತು, ಟವೆಲಿನಲ್ಲಿ ಸುತ್ತಿ ಕಾಲಿಗೆ ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಅವನ ಪಾದ ಮದುವಣಗಿತ್ತಿಯ ಪಾದದಂತೆ ಕೆಂಪಗಾಗಿತ್ತು. ಆಮೇಲೆ ಇರುವೆ ಬಂದವು. ಒಂದಲ್ಲ, ಎರಡಲ್ಲ, ದಿಬ್ಬಣ.

"ಲೇ ಮಲ್ಲಾ, ಉಳುಕು ಹೋಯ್ತು ಕಣಲೇ. ಈಗ ಇರುವೆ ಕಡಿತಕ್ಕೆ ಏನಾರ ಐತೇನು ಕೇಳು ನಿಮ್ಮ ಡಾಕ್ಟ್ರಮ್ಮನ್ನ" ಎಂದು ನನ್ನ ಸುತ್ತ ಕುಂಟುತ್ತ ಕುಣಿಯುತ್ತಿದ್ದ.

ಡಾಕ್ಟರಮ್ಮ ಈ ಕಥೆ ಕೇಳಿ ಕುರ್ಚಿಯಿಂದ ಬೀಳುವಷ್ಟು ನಕ್ಕರು. "ಬರೀ ನೀರಿನ ಐಸ್ ಕಣಪ್ಪಾ, ಬರೀ ನೀರು!" ಎಂದರು. ಅವತ್ತು ಓಬಳೇಶನ ಕಾಲು ನೋಡಿ ನಕ್ಕವನು ನಾನು. ಮುಂದಿನ ನಗುವಿಗೆ ನಾನೇ ಗುರಿಯಾಗುವುದು ಆಗ ಗೊತ್ತಿರಲಿಲ್ಲ.

ಆ ವರ್ಷದ ಮುಂಗಾರಿನಲ್ಲಿ ಕೊಂಡ್ಲಹಳ್ಳಿಯವರ ಜೊತೆ ಪಂದ್ಯ. ಅವರ ಕಡೆಯ ಒಬ್ಬ ಎತ್ತಿನಂಥ ಆಳು ನುಗ್ಗಿ ಬಂದ. ನಾನು ಅವನ ತೊಡೆಗೆ ಬಲಗೈ ಸುತ್ತಿದೆ. ಅವನು ನಿಲ್ಲಲಿಲ್ಲ, ನಾನು ಬಿಡಲಿಲ್ಲ. ಗೆರೆಯ ತನಕ ನನ್ನನ್ನು ನೇಗಿಲಿನಂತೆ ಎಳೆದುಕೊಂಡು ಹೋದ. ಭುಜದೊಳಗೆ ಹಸಿ ಕಡ್ಡಿ ಮುರಿದಂಥ ಸದ್ದು. ಮಾರನೇ ದಿನ ಕೈಯೆತ್ತಿ ತಲೆ ಬಾಚಲಾಗಲಿಲ್ಲ. ಲಿವರು ಎತ್ತುವುದಂತೂ ದೂರ.

ಡಾಕ್ಟರಮ್ಮ ಕೈಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ನಾನು ಹಲ್ಲು ಕಚ್ಚಿದ್ದನ್ನು ನೋಡಿ ಹೇಳಿದರು: "ಮೂಳೆ ಸರಿಯಾಗಿದೆ. ಒಳಗಿನ ಸ್ನಾಯು ಹರಿದಿದೆ, ಪೂರ್ತಿ ಅಲ್ಲ. ಕೆಲವು ವಾರ ಭಾರ ಎತ್ತಬೇಡ. ಆಟ ಬೇಡವೇ ಬೇಡ. ಈ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ. ನಾನು ಕೊಟ್ಟಷ್ಟು ದಿನ ಮಾತ್ರ."

"ಆಮ್ಯಾಲೆ ಕೆಲಸ ಮಾಡಬೋದೇನ್ರಿ?"

"ನೀನು ಟ್ಯೂಬಿಗೆ ಸೊಲ್ಯೂಷನ್ ಹಚ್ಚಿ, ಪ್ಯಾಚು ಕೂಡೋ ಮುಂಚೆ ಗಾಳಿ ಹೊಡೀತೀಯಾ?"

"ಛೇ, ಅದೆಂಗ್ ಹೊಡೀತಾರ್ರಿ? ಕಿತ್ತು ಬರ್ತೈತೆ."

"ಹಾಗೇ ಇದು. ಮಾತ್ರೆ ನೋವು ಇಳಿಸುತ್ತೆ, ಬಾವು ಇಳಿಸುತ್ತೆ. ಹರಿದದ್ದು ಕೂಡೋದಕ್ಕೆ ಅದರದೇ ಟೈಮ್ ಬೇಕು. ನೋವಿಲ್ಲ ಅಂದ್ರೆ ವಾಸಿಯಾಯ್ತು ಅಂತ ಅಲ್ಲ."

ನನ್ನ ಕಸುಬಿನ ಮಾತಲ್ಲೇ ನನಗೆ ಬುದ್ಧಿ ಹೇಳಿದ ಅವರ ಜಾಣತನಕ್ಕೆ ಬೆರಗಾಗಿ ತಲೆಯಾಡಿಸಿ ಬಂದೆ. ಮನೆಗೆ ಬರುವಷ್ಟರಲ್ಲಿ ಬೆರಗು ಉಳಿದಿತ್ತು, ಬುದ್ಧಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಆ ಮಾತ್ರೆಯ ಬಗ್ಗೆ ನಾನು ಎರಡು ಮಾತು ಹೇಳಲೇಬೇಕು. ಗುಲಾಬಿ ಬಣ್ಣ, ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದು. ಡೈಕ್ಲೋಫೆನಾಕ್ ಎಂಬ ಅದರ ಹೆಸರನ್ನು ನಾನು ಬಾಯಿಪಾಠ ಮಾಡಿದ್ದು ಎಷ್ಟೋ ವರ್ಷದ ಮೇಲೆ. ಆಗ ನಮಗೆ ಅದು ಗುಲಾಬಿ ಮಾತ್ರೆ. ರಾತ್ರಿ ಮುದ್ದೆ ಉಂಡು ನುಂಗಿದೆ. ಅವ್ವ ಪಾತ್ರೆ ತೊಳೆದು ಬರುವುದರೊಳಗೆ ಭುಜದೊಳಗಿನ ಗರಗಸ ಮೆಲ್ಲಗೆ ನಿಂತಿತು. ಮಾರನೇ ದಿನ ಕೈ ಮೇಲಕ್ಕೆ ಹೋಯಿತು. ಎಕ್ಕದ ಎಲೆಯೂ ಕಾಯಿಸಿದ ಇಟ್ಟಿಗೆಯೂ ಸೇರಿ ಹದಿನೈದು ದಿನಕ್ಕೆ ಮಾಡದ ಕೆಲಸವನ್ನು ಆ ತೊಗರಿಕಾಳು ಒಂದೇ ರಾತ್ರಿಯಲ್ಲಿ ಮಾಡಿತ್ತು. ಇದನ್ನು ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಜಾಕಿ ಕಂಡುಹಿಡಿದವನ ಮೇಲೆ ನನಗೆ ಎಷ್ಟು ಗೌರವವಿದೆಯೋ ಅಷ್ಟೇ ಗೌರವ ಇವತ್ತಿಗೂ ಈ ಮಾತ್ರೆ ಮಾಡಿದವರ ಮೇಲೂ ಇದೆ. ಎರಡೂ ಭಾರವನ್ನು ಎತ್ತಿ ಹಿಡಿಯುತ್ತವೆ. ಜಾಕಿಯ ಮೇಲೆ ನಿಂತ ಲಾರಿಯನ್ನು ಓಡಿಸಬಾರದೆಂದು ಮಾತ್ರ ನನಗೆ ಹೊಳೆಯಲಿಲ್ಲ.

ನಾನು ಓಡಿಸಿದೆ. ಎರಡೇ ದಿನಕ್ಕೆ ಲಿವರು ಹಿಡಿದೆ. ಸಂಜೆ ಬಯಲಿಗೂ ಇಳಿದೆ. ಡಾಕ್ಟರಮ್ಮ ಕೊಟ್ಟದ್ದು ಮುಗಿದಾಗ ಔಷಧಿ ಅಂಗಡಿಗೆ ಹೋಗಿ ಮಾತ್ರೆಯ ಖಾಲಿ ಪಟ್ಟಿ ತೋರಿಸಿದೆ, ಇನ್ನೊಂದು ಪಟ್ಟಿ ಬಂತು. ಒಂದು ಇಷ್ಟು ಕೆಲಸ ಮಾಡುವುದಾದರೆ ಎರಡು ಎಷ್ಟು ಮಾಡೀತು ಎಂಬುದು ನನ್ನ ಏಳನೇ ಕ್ಲಾಸಿನ ಲೆಕ್ಕ.

ಓಬಳೇಶ ಅನುಮಾನದಿಂದ ನೋಡಿದ. "ಲೇ, ಆವಮ್ಮ ಆಡಬ್ಯಾಡ ಅಂದಿದ್ಲಲ್ಲ?"

"ನೋವಿಲ್ಲ ಕಣಲೇ. ನೋಡು" ಎಂದು ಕೈ ಬೀಸಿ ತೋರಿಸಿದೆ.

"ನೋವು ಇಲ್ದಿದ್ರೆ ಆ ಪಟ್ಟಿ ಯಾಕ್ಲೇ ಜೇಬಿನಾಗೆ ಇಟ್ಕಂಡಿದೀಯ?"

ಪಟ್ಟಿಯನ್ನು ಜೇಬಿನ ಇನ್ನೂ ಒಳಕ್ಕೆ ತಳ್ಳಿದೆ. "ನಿನ್ನ ಕಾಲಿಗೆ ಇರುವೆ ಬಂದಾವ ನೋಡ್ಕ ಹೋಗು" ಎಂದೆ.

ಮೊಳಕಾಲ್ಮುರಿನಲ್ಲಿ ಪಂದ್ಯ ಗೊತ್ತಾಯಿತು. ಶ್ರಾವಣದ ಮೊದಲ ಸೋಮವಾರ.

ಇಲ್ಲಿ ನಮ್ಮ ಮನೆಯ ಸೋಮವಾರದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪ ತೀರಿಕೊಂಡ ವರ್ಷ ಅವ್ವ ಈಶ್ವರನ ಪಟದ ಮುಂದೆ ನಿಂತು ಹರಕೆ ಹೊತ್ತಳು: ಶ್ರಾವಣದ ಸೋಮವಾರಗಳಲ್ಲಿ ಒಪ್ಪತ್ತು, ಇಡೀ ದಿನಕ್ಕೆ ಒಂದೇ ಊಟ. ಹೊತ್ತು ಮುಳುಗಬೇಕು, ದೇವರ ಜಗಲಿಯ ಮುಂದೆ ಸಂಜೆ ದೀಪ ಹಚ್ಚಬೇಕು, ವಿಭೂತಿ ಇಟ್ಟುಕೊಳ್ಳಬೇಕು, ಮೊದಲ ತುತ್ತನ್ನು ಅವ್ವ ಬಾಯಿಗಿಡಬೇಕು. ಆಮೇಲೆ ನನ್ನ ಕೈ ತಟ್ಟೆಗೆ. ಅಲ್ಲಿಯ ತನಕ ನೀರು, ತೀರ್ಥ, ಬೇರೇನಿಲ್ಲ. ಒಂದು ಸಲ ಅವ್ವ ಜ್ವರದಲ್ಲಿ ಕಣ್ಣು ಬಿಡಲಾರದೆ ಮಲಗಿದ್ದಾಗಲೂ ದೀಪ ಹಚ್ಚುವ ತನಕ ಗಂಜಿ ಮುಟ್ಟಲಿಲ್ಲ. "ನಮ್ಮನ್ನ ಸಾಕಿರೋದು ಈ ಸೋಮವಾರನೇ" ಎನ್ನುತ್ತಿದ್ದಳು. ಶೇಂಗಾ ಆರಿಸಿ ಆರಿಸಿ ಸವೆದ ಬೆರಳುಗಳ ಲೆಕ್ಕ ಅವಳಿಗೆ ನೆನಪಿರುತ್ತಿರಲಿಲ್ಲ.

ಆ ಬೆಳಿಗ್ಗೆ ನಾನು ಕೇಳಿದೆ: "ಅವ್ವಾ, ಇವತ್ತು ಗುಳಿಗೆ ನುಂಗಬೋದಾ?"

ಅವ್ವ ಬಿಲ್ವಪತ್ರೆ ತೊಳೆಯುತ್ತಿದ್ದವಳು ಸ್ವಲ್ಪ ಹೊತ್ತು ಯೋಚಿಸಿದಳು. ಎಷ್ಟಾದರೂ ಮನೆಯ ಸುಪ್ರೀಂ ಕೋರ್ಟು. "ಗುಳಿಗೆ ಏನು ಊಟ ಏನಪ್ಪಾ? ಔಷಧಿಗೆ ದೋಷ ಇಲ್ಲ. ತೀರ್ಥದ ಜೊತೀಗೆ ನುಂಗು, ಇನ್ನೂ ಒಳ್ಳೇದು."

ಹೀಗೆ ಡಾಕ್ಟರಮ್ಮನ "ಊಟ ಆದ ಮೇಲೆ ಒಂದು" ಎಂಬುದರಲ್ಲಿ ನಾವು ತಾಯಿ ಮಗ ಸೇರಿ ಊಟವನ್ನು ತೆಗೆದು ಒಂದನ್ನು ಉಳಿಸಿಕೊಂಡೆವು. ಬೆಳಿಗ್ಗೆ ತೀರ್ಥದಲ್ಲಿ ಒಂದು. ಬಸ್ಸಿನಲ್ಲಿ ಭುಜ ಗೊಣಗಿದ್ದಕ್ಕೆ ಒಂದು. ಅಂಕಣಕ್ಕೆ ಇಳಿಯುವ ಮುಂಚೆ, ಧೈರ್ಯಕ್ಕೆ, ಇನ್ನೊಂದು.

ಮೊಳಕಾಲ್ಮುರಿನ ಜನ ಆಟ ನೋಡುವ ರೀತಿಯೇ ಬೇರೆ. ಅರ್ಧ ಕೂಗು ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ರೇಷ್ಮೆ ಮಗ್ಗದಿಂದ ಎದ್ದು ಬಂದವರು ಸೀರೆಯ ಅಂಚು ನೋಡುವ ಕಣ್ಣಿನಿಂದಲೇ ನಮ್ಮ ಕಾಲಿನ ಚಲನೆ ನೋಡುತ್ತಿದ್ದರು. ನಾನು ಹಿಡಿದಾಗಲೆಲ್ಲ "ಪಟ್ಟುಕೋರಾ! ವದಲಕು!", ಹಿಡಿದುಕೋ, ಬಿಡಬೇಡ ಎಂದು ಎದುರು ಊರಿನವರೇ ಹುರಿದುಂಬಿಸಿದರು. ಭುಜ ನನ್ನದೇ ಅಲ್ಲವೆಂಬಂತೆ ಸುಮ್ಮನಿತ್ತು. ಗೆದ್ದೆವು. ಗೆಲ್ಲುವಾಗಲೇ ಹೊಟ್ಟೆಯ ಮೇಲ್ಭಾಗದಲ್ಲಿ ಯಾರೋ ಬೀಡಿ ಹೊತ್ತಿಸಿಟ್ಟ ಹಾಗೆ ಉರಿಯುತ್ತಿತ್ತು. ಹಸಿವೆಂದುಕೊಂಡೆ.

ವಾಪಸು ಬರಲು ಪರಿಚಯದ ಲಾರಿ ಸಿಕ್ಕಿತು. ಡ್ರೈವರು ಬಾಷಾ ಸಾಬರು ನನ್ನ ಹಳೆಯ ಗಿರಾಕಿ. ಬಿ.ಜಿ. ಕೆರೆಯಲ್ಲಿ ಲಾರಿ ನಿಲ್ಲಿಸಿ ಎಲ್ಲರೂ ಮಿರ್ಚಿ, ಮಂಡಕ್ಕಿ ಎಂದು ಇಳಿದರು. ನನಗೆ ಹೊತ್ತು ಮುಳುಗಬೇಕಲ್ಲ, ನಾನು ಲಾರಿಗೆ ಒರಗಿ ನಿಂತೆ. ಓಬಳೇಶ ಮಿರ್ಚಿ ಹಿಡಿದು ಬಂದು ಮೂಗಿಗೆ ತೋರಿಸಿ, "ದೇವರು ನೋಡ್ತಿಲ್ಲ ಬಿಡಲೇ, ಬಿಸಿಲಾಗೆ ಅವನಿಗೂ ಕಣ್ಣು ಕುಕ್ತೈತೆ" ಎಂದ. ನಗಲು ಬಾಯಿ ತೆರೆದೆ. ನಗುವಿನ ಬದಲು ವಾಂತಿ ಬಂತು. ನೆಲದ ಮೇಲೆ ಬಿದ್ದದ್ದು ಟೀ ಚರಟದಂತೆ ಕಪ್ಪಗಿತ್ತು. ಓಬಳೇಶನ ಕೈಯಿಂದ ಮಿರ್ಚಿ ಬಿತ್ತು.

"ಅರೆ ಭಾಯಿ, ಇದು ರಕ್ತ" ಎಂದರು ಬಾಷಾ ಸಾಬರು. "ಎತ್ತಿ, ಎತ್ತಿ, ಬೇಗ ಎತ್ತಿ."

ಅವರು ಚಳ್ಳಕೆರೆಯ ತನಕ ಆ ಲಾರಿ ಓಡಿಸಿದ ರೀತಿಗೆ ಆರೂ ಟೈರು ಉಳಿದದ್ದು ನಾನು ಹಾಕಿದ್ದಕ್ಕೆ ಎಂದು ಆಮೇಲೆ ಜಂಬ ಕೊಚ್ಚಿಕೊಂಡೆ. ಆಗ ಮಾತ್ರ ಓಬಳೇಶನ ತೊಡೆಯ ಮೇಲೆ ತಲೆಯಿಟ್ಟು ತಣ್ಣಗೆ ಬೆವರುತ್ತಿದ್ದೆ. ಮೂಟೆ ಹೊತ್ತು ಒರಟಾದ ಅವನ ಅಂಗೈ ನನ್ನ ಹಣೆಯ ಮೇಲಿತ್ತು. ಅವನ ಬೈಗುಳ ಒಂದು ಗಳಿಗೆಯೂ ನಿಲ್ಲಲಿಲ್ಲ, ಅಂಗೈಯೂ ಕದಲಲಿಲ್ಲ.

ಡಾಕ್ಟರಮ್ಮ ಗ್ಲೂಕೋಸು ಏರಿಸಿ, ಸೂಜಿ ಕೊಟ್ಟು, ನಾನು ಉಳಿಯುತ್ತೇನೆಂದು ಖಾತರಿಯಾದ ಮೇಲೆ ಶುರು ಮಾಡಿದರು.

"ಊಟ ಆದ ಮೇಲೆ ಅಂತ ನಾನು ಹೇಳಿರಲಿಲ್ಲವಾ?"

"ಹೇಳಿದ್ರಿ. ಸೋಮವಾರ ಊಟ ಎಲ್ಲೈತ್ರಿ?"

ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. "ಊಟ ಇಲ್ಲದ ದಿನ ಮಾತ್ರೆಯೂ ಇಲ್ಲ. ಅಷ್ಟು ಹೊಳೆಯಲಿಲ್ಲವಾ? ಎಷ್ಟು ನುಂಗಿದೆ?" ಹೇಳಿದೆ. ಆಗ ಅವರ ದೊಡ್ಡ ದನಿಯೂ ಸಣ್ಣದಾಯಿತು. "ಇದು ಒಳ್ಳೆಯ ಮಾತ್ರೆಯಪ್ಪಾ. ದಿನಾ ಎಷ್ಟೋ ಜನಕ್ಕೆ ನಾನೇ ಕೊಡ್ತೀನಿ. ಆದರೆ ಉಂಡು ತಗೊಂಡರೂ ಅತಿಯಾದರೆ ಹೊಟ್ಟೆಯ ಒಳಗೋಡೆ ಸುಡುತ್ತೆ. ನೀನು ಖಾಲಿ ಹೊಟ್ಟೆಗೆ ಒಂದರ ಮೇಲೊಂದು ಹಾಕಿದ್ದೀಯ. ಇನ್ನು ನಿನಗೆ ಆ ಜಾತಿಯ ಮಾತ್ರೆಯೇ ಬೇಡ."

ಅವ್ವ ಮಂಚದ ಕಾಲಿನ ಹತ್ತಿರ ನಿಂತಿದ್ದಳು. ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ನೋಡೀಮ್ಮಾ, ಒಳಗೆ ಹುಣ್ಣಾಗಿದೆ. ಅದು ಮಾಯೋ ತನಕ ಇವನು ಹಸಿದಿರಬಾರದು. ಹೊತ್ತು ಹೊತ್ತಿಗೆ ಸ್ವಲ್ಪ ತಿನ್ನಬೇಕು, ನಾನು ಕೊಡೋ ಔಷಧಿ ತಗೋಬೇಕು. ಮತ್ತೆ ರಕ್ತ ಬಂದರೆ ನನ್ನ ಕೈಯಲ್ಲಿ ಆಗಲ್ಲ, ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತೆ."

"ಸೋಮವಾರ ಒಂದಿನ ಬಿಟ್ಟು ಎಲ್ಲಾ ದಿನ ತಿಂತೀನ್ರಿ" ಎಂದೆ ನಾನು ಮಲಗಿದಲ್ಲಿಂದಲೇ. ಬುದ್ಧಿವಂತಿಕೆಯಿಂದಲ್ಲ, ಹಟದಿಂದ. ಅವ್ವ ಉಪವಾಸ ಕೂತಿರುವಾಗ ಎದುರಿಗೆ ಕೂತು ಉಣ್ಣುವ ಮಗ ನಾನಾಗಲಾರೆ. ಏಳನೇ ಕ್ಲಾಸು ಬಿಟ್ಟವನಿಗೆ ಮರ್ಯಾದೆ ಎಂದು ಉಳಿದಿದ್ದರೆ ಇಂಥವೇ ನಾಲ್ಕು.

"ನಾನು ಉಣ್ಣು ಅಂದ್ರೆ?" ಎಂದಳು ಅವ್ವ.

"ನೀನು ಮೊದ್ಲು ಉಣ್ಣದೇ ನಾನು ಉಣ್ಣಲ್ಲ."

ಅವ್ವ ನನ್ನ ಹೊದಿಕೆ ಸರಿ ಮಾಡಿದಳು. ನನ್ನ ಅರ್ಧ ಹಟ ಅವಳಿಂದಲೇ ಬಂದದ್ದು, ಹಾಗಾಗಿ ಅದರ ಅಳತೆ ಅವಳಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೂ ಆ ಮಾತೆತ್ತಲಿಲ್ಲ. ಮಾತ್ರೆಯ ಬದಲು ಡಾಕ್ಟರಮ್ಮ ಹಚ್ಚಿಕೊಳ್ಳಲು ಮುಲಾಮು ಕೊಟ್ಟಿದ್ದರು. ಕೈಯನ್ನು ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೂಗುಹಾಕಿದ್ದರು. ಬೆಳಿಗ್ಗೆ ಸಂಜೆ ಅವ್ವ ನನ್ನ ಭುಜಕ್ಕೆ ಮುಲಾಮು ಸವರುತ್ತಿದ್ದಳು. ಮೃದುವಾಗಿ ಹಚ್ಚಬೇಕೆಂದು ಡಾಕ್ಟರಮ್ಮ ಹೇಳಿದ್ದರೂ ಅವಳ ಬೆರಳಿಗೆ ಮೃದು ಎಂಬುದು ಗೊತ್ತಿರಲಿಲ್ಲ. ಹಚ್ಚಿ ಆದ ಮೇಲೆ ಅಂಗೈಗೆ ಅಂಟಿದ್ದನ್ನು ಸೀರೆ ಸ್ವಲ್ಪ ಸರಿಸಿ ತನ್ನ ಮೊಣಕಾಲಿಗೆ ಒರೆಸಿಕೊಳ್ಳುತ್ತಿದ್ದಳು.

"ಅವ್ವಾ, ನಿನಗೂ ಮಂಡಿ ನೋವೈತಾ?"

"ಇಲ್ಲಪ್ಪಾ. ಅಂಗೈಗೆ ಅಂಟಿದ್ದು ಯಾಕೆ ದಂಡ?"

ವರ್ಷಗಟ್ಟಲೆ ಮಿಲ್ಲಿನ ನೆಲದ ಮೇಲೆ ಮಂಡಿಯೂರಿ ಕೂತವಳಿಗೆ ಮಂಡಿ ನೋವಿದೆಯೆಂದು ನನಗೆ ಗೊತ್ತಾದದ್ದು ನನ್ನ ಭುಜದ ಮುಲಾಮಿನಿಂದ. ಅವಳು ಒಂದು ದಿನವೂ ಹೇಳಿದವಳಲ್ಲ. ನಾನು ಎರಡೇ ದಿನ ಕೈಯೆತ್ತಲಾಗದ್ದಕ್ಕೆ ಊರಿಗೆಲ್ಲ ಡಂಗುರ ಹೊಡೆದಿದ್ದೆ.

ಮುಂದಿನ ಸೋಮವಾರ ಬಂತು.

ಬೆಳಿಗ್ಗೆ ಎದ್ದು ಹಿತ್ತಲಿನಲ್ಲಿ ಮುಖ ತೊಳೆದು, ಇವತ್ತು ಅವ್ವನ ಜೊತೆ ಹೇಗೆ ವಾದಿಸುವುದೆಂದು ಯೋಚಿಸುತ್ತ ಒಳಗೆ ಬಂದೆ. ಬಂದವನಿಗೆ ದಾರಿ ಕಾಣಲಿಲ್ಲ. ಮುಂಬಾಗಿಲು ಹಾಕಿತ್ತು, ಅಗಳಿ ಬಿದ್ದಿತ್ತು. ಕಿಟಕಿಗೆ ಜಮಖಾನ ನೇತುಬಿದ್ದಿತ್ತು. ಮಾಡಿನ ಗವಾಕ್ಷಿಗೆ ಮೊರ ಮುಚ್ಚಿತ್ತು. ನಾನು ಬಂದ ಹಿಂಬಾಗಿಲನ್ನೂ ಅವ್ವ ಬಂದು ಎಳೆದು ಚಿಲಕ ಹಾಕಿದಳು. ಕತ್ತಲು. ಆ ಕತ್ತಲಲ್ಲಿ ಜಗಲಿಯ ಮೇಲೆ ಸಂಜೆ ದೀಪ ಉರಿಯುತ್ತಿತ್ತು. ಊದುಬತ್ತಿ ಹಚ್ಚಿತ್ತು. ಎರಡು ತಟ್ಟೆಯಲ್ಲಿ ನವಣೆ ಅನ್ನ, ಮೊಸರು.

"ಇದೇನವ್ವಾ?"

"ದೀಪ ಹಚ್ಚಿದೀನಿ. ಕೈ ಮುಗಿದು ಕೂತ್ಕ."

"ಇನ್ನೂ ಬೆಳಿಗ್ಗೆ ಅಲ್ಲೇನವ್ವಾ?"

"ಯಾರ ಮನ್ಯಾಗೆ?"

"ಹೊರಗೆ ಬಿಸಿಲು ಬಂದೈತೆ."

"ಹೊರಗೆ ಬಂದಿರಬೋದು. ನಮ್ಮನ್ಯಾಗೆ ಹೊತ್ತು ಮುಳುಗೈತೆ. ಕೂತ್ಕ ಬಾ."

ಕೂತೆ. ಅವ್ವ ಹಣೆಗೆ ವಿಭೂತಿ ಇಟ್ಟುಕೊಂಡಳು, ನನಗೂ ಇಟ್ಟಳು. ಈಶ್ವರನ ಪಟದ ಕಡೆ ನೋಡಿದಳು. ಬೇಡಿಕೊಳ್ಳುವ ನೋಟ ಅದಲ್ಲ. ಇಷ್ಟು ವರ್ಷ ಜೊತೆಯಲ್ಲಿ ದುಡಿದ ಒಬ್ಬ ಮನುಷ್ಯನಿಗೆ, ಇವತ್ತೊಂದಿನ ನೀನೂ ಸ್ವಲ್ಪ ಹೊಂದಿಕೋ ಎಂದು ಹೇಳುವ ನೋಟ. ತುತ್ತು ಎತ್ತಿದಳು. ಕೈ ಅರ್ಧ ದಾರಿಯಲ್ಲಿ ನಿಂತಿತು. ಅಪ್ಪ ಹೋದಂದಿನಿಂದ ಬಿಸಿಲಿರುವಾಗ ಶ್ರಾವಣ ಸೋಮವಾರದಲ್ಲಿ ಅನ್ನ ಮುಟ್ಟದ ಕೈ ಅದು. ನಾನು ಉಸಿರು ಬಿಗಿಹಿಡಿದು ನೋಡಿದೆ. ಮೊಳಕಾಲ್ಮುರಿನ ಅಂಕಣದಲ್ಲಿ ಕೂಡ ಅಷ್ಟು ಬಿಗಿಹಿಡಿದಿರಲಿಲ್ಲ. ಅವ್ವ ಕಣ್ಣು ಮುಚ್ಚಿ ತುತ್ತನ್ನು ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. "ಹ್ಞೂಂ, ಉಣ್ಣು" ಎಂದಳು.

ನಾನು ಉಂಡೆ. ನವಣೆ ಅನ್ನಕ್ಕೆ ಅಷ್ಟು ರುಚಿ ಹಿಂದೆಂದೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮಿಲ್ಲಿಗೆ ಹೋಗುವ ದಾರಿಯಲ್ಲಿ ನನ್ನನ್ನು ನೋಡಲು ಓಬಳೇಶ ಬಂದಿದ್ದ. "ಮಲ್ಲಾ! ಯಾಕ್ಲೇ ಬಾಗ್ಲು ಹಾಕಂಡಿದೀರಿ? ಅವ್ವಾ! ಎಲ್ಲಾ ಆರಾಮೈದೀರಾ?"

ಅವ್ವ ತಟ್ಟೆಯಿಂದ ತಲೆಯೆತ್ತದೆ ಕೂಗಿದಳು: "ರಾತ್ರಿ ಆಗೈತೆ ಕಣೋ! ಬೆಳಿಗ್ಗೆ ಬಾರಪ್ಪಾ!"

ಹೊರಗೆ ಚಪ್ಪಲಿಗಳು ಎರಡು ಹೆಜ್ಜೆ ಹಿಂದೆ ಸರಿದವು. ಆಮೇಲೆ ಓಬಳೇಶ ಯಾರಿಗೋ ಹೇಳುವುದು ಕೇಳಿಸಿತು: "ಮಗನಿಗೆ ಹೊಟ್ಟಿಗೆ ಬಂದಿತ್ತು, ಅವ್ವಗೆ ತಲಿಗೆ ಏರೈತೆ." ನಾನು ನಕ್ಕ ರಭಸಕ್ಕೆ ಮೊಸರು ಮೂಗಿಗೆ ಹೋಯಿತು. ಅವ್ವನೂ ನಕ್ಕಳು. ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ನಕ್ಕದ್ದೂ ಅದೇ ಮೊದಲು.

ಸಂಜೆ ಅವಳು ಮತ್ತೆ ದೀಪ ಹಚ್ಚಿದಳು. "ಈಗ್ಯಾಕವ್ವಾ? ಬೆಳಿಗ್ಗೆನೇ ಹಚ್ಚಿದ್ಯಲ್ಲ?" ಎಂದರೆ, "ಅದು ಮನೆ ಸಂಜೆ, ಇದು ಊರ ಸಂಜೆ" ಎಂದಳು. ನನಗೆ ಬಡಿಸಿ, ಮೊದ್ಲು ನೀನು ಎಂದು ನಾನು ಬಾಯಿ ತೆರೆಯುವ ಮುಂಚೆಯೇ ಒಂದೇ ಒಂದು ಅಗುಳನ್ನು ನಾಲಿಗೆಯ ಮೇಲಿಟ್ಟುಕೊಂಡು ಕೈ ತೊಳೆದಳು. ಅವಳ ಒಪ್ಪತ್ತಿನ ಲೆಕ್ಕ ಅವಳ ಪ್ರಕಾರ ಸರಿಹೋಗಿತ್ತು. ಆ ಶ್ರಾವಣದ ಉಳಿದ ಸೋಮವಾರಗಳಲ್ಲೂ ನಮ್ಮ ಮನೆಯಲ್ಲಿ ಹೊತ್ತು ಬೇಗ ಮುಳುಗಿತು.

ಹುಣ್ಣು ಮಾಯಿತು. ಭುಜ ಡಾಕ್ಟರಮ್ಮ ಹೇಳಿದಷ್ಟೇ ಟೈಮ್ ತೆಗೆದುಕೊಂಡು ಕೂಡಿತು. ಅಲ್ಲಿಯ ತನಕ ಓಬಳೇಶ ಮಿಲ್ಲಿನ ಕೆಲಸ ಮುಗಿಸಿ ಬಂದು ನನ್ನ ಅಂಗಡಿಯ ಟೈರು ಬಿಚ್ಚಿದ. ನಾನು ಕಲ್ಲಿನ ಮೇಲೆ ಕೂತು ತಪ್ಪು ಹುಡುಕಿದೆ. ಅವ್ವ ಮಿಲ್ಲಿಗೆ ಹೋಗಬೇಕಾಗಲಿಲ್ಲ. ಅವಳ ಮಂಡಿಗೆ ಡಾಕ್ಟರಮ್ಮ ಬೇರೆ ಟ್ಯೂಬನ್ನೇ ಕೊಟ್ಟರು, ಆದರೂ ನನ್ನ ಟ್ಯೂಬು ಮುಗಿಯುವ ತನಕ ಅವಳು ಅದರ ಮುಚ್ಚಳ ತೆಗೆಯಲಿಲ್ಲ. ಇವತ್ತಿಗೂ ಸೊಂಟ ಹಿಡಿದ ಡ್ರೈವರುಗಳು ಬಂದು "ಒಂದು ಗುಲಾಬಿ ಮಾತ್ರೆ ಎಲ್ಲಿ ಸಿಗ್ತೈತಣ್ಣ?" ಎಂದರೆ ನಾನು ಮೊದಲು ಕೇಳುವುದು, "ಹೊಟ್ಟಿಗೆ ಏನಾರ ಬಿದ್ದೈತಾ? ಡಾಕ್ಟ್ರಿಗೆ ತೋರಿಸೀಯಾ?" ಅವರು ನನ್ನನ್ನು ಪಂಕ್ಚರ್ ಅಂಗಡಿಯವನಂತೆ ನೋಡುವುದಿಲ್ಲ, ಸೋದರಮಾವನಂತೆ ನೋಡುತ್ತಾರೆ.

ಮೊನ್ನೆ ಆ ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ. ದನಿಗೆ ಮಾತ್ರ ಕೋಲು ಬೇಕಾಗಿಲ್ಲ. ಕಟ್ಟೆಯ ಮೇಲೆ ಕೂತಿದ್ದವಳ ಅಂಗೈಯಲ್ಲಿಟ್ಟೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಗುರುತು ಸಿಕ್ಕಿತು. ಹೆಬ್ಬೆರಳಿನಿಂದ ಕುತ್ತಿಗೆಯ ಹತ್ತಿರ ಒತ್ತಿದಳು.

"ಇನ್ನೊಂಚೂರು ಬರ್ತೈತೇನೋ ನೋಡಪ್ಪಾ" ಎಂದಳು.

"ಬಾ, ನಿನ್ನ ಮಂಡಿಗೆ ಹಚ್ತೀನಿ" ಎಂದು ನಾನು ಅವಳ ಕಾಲ ಹತ್ತಿರ ಕೂತೆ.

ಅವ್ವ ಟ್ಯೂಬನ್ನು ಸೆರಗಿನೊಳಗೆ ಸೇರಿಸಿ ನನ್ನ ಮುಖ ನೋಡಿದಳು. "ಉಂಡ್ಯಾ?"

"ಇಲ್ಲವ್ವಾ, ಈಗ ಬಂದೆ."

"ಏಳು ಮತ್ತೆ. ಮೊದ್ಲು ಊಟ. ಹಚ್ಚೋದೆಲ್ಲ ಊಟ ಆದ ಮ್ಯಾಲೆ."